ಮುಚ್ಚಿಹೋಗುವ ಮುನ್ನ: ಹಳೆಯ ಮನೆಯ ಮೇಲೆ ಮಹಡಿ ಕಟ್ಟಿದ ಒಂದು ಪ್ರಕರಣ

ಹಿನ್ನೆಲೆ

ಬೆಂಗಳೂರಿನ ದಕ್ಷಿಣ ಭಾಗದ ಹಳೆಯ ಬಡಾವಣೆಯೊಂದರಲ್ಲಿ, ಮೂವತ್ತು-ನಲವತ್ತರ ನಿವೇಶನದಲ್ಲಿರುವ ಒಂದಂತಸ್ತಿನ ಮನೆಯನ್ನು 2024ರಲ್ಲಿ ವಿಸ್ತರಿಸಿದ ಪ್ರಕರಣವಿದು. ಮನೆಯವರಾಗಲಿ ಮೇಸ್ತ್ರಿಯಾಗಲಿ ಯಾರೆಂದು ಗುರುತು ಸಿಗದಂತೆ ಹೆಸರು, ಬಡಾವಣೆ ಮತ್ತು ಕೆಲವು ಅಳತೆಗಳನ್ನು ಬಿಟ್ಟಿದ್ದೇನೆ. ನಿರ್ಧಾರಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ಮಾತ್ರ ಇದ್ದಂತೆಯೇ ಬರೆದಿದ್ದೇನೆ. ನಾನು ಕಟ್ಟಡಗಳ ಸಲಹಾ ಎಂಜಿನಿಯರ್. ಈ ಮನೆಯ ವಿನ್ಯಾಸ ನನ್ನದಲ್ಲ. ಕೆಲಸ ಶುರುವಾಗಿ ಪಿಲ್ಲರ್‌ಗಳು ಎದ್ದ ಮೇಲೆ ಮನೆಯವರು ನನ್ನನ್ನು ಕರೆದರು, ಅಲ್ಲಿಂದ ಕೆಲಸ ಮುಗಿಯುವವರೆಗೂ ಜೊತೆಗಿದ್ದೆ.

ಮನೆ ಕಟ್ಟಿ ಮೂವತ್ತು ವರ್ಷಕ್ಕೂ ಹೆಚ್ಚಾಗಿತ್ತು. ಸೈಜುಗಲ್ಲಿನ ಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ಛಾವಣಿ. ಪಿಲ್ಲರ್ ಎಂಬುದು ಎಲ್ಲಿಯೂ ಇರಲಿಲ್ಲ. ಅಂದರೆ ಭಾರವನ್ನೆಲ್ಲ ಗೋಡೆಯೇ ಹೊರುವ ಕಟ್ಟಡ. ಯಜಮಾನರು ಬ್ಯಾಂಕಿನಿಂದ ನಿವೃತ್ತರಾದವರು, ಪತ್ನಿಯೊಡನೆ ಅಲ್ಲೇ ವಾಸ. ಪುಣೆಯಲ್ಲಿದ್ದ ಮಗಳು ಸಂಸಾರ ಸಮೇತ ಊರಿಗೆ ಮರಳುವ ಆಲೋಚನೆಯಲ್ಲಿದ್ದುದರಿಂದ ಮೇಲೆ ಏಳು ಚದರದ (ಒಂದು ಚದರವೆಂದರೆ ನೂರು ಚದರ ಅಡಿ) ಒಂದು ಮಹಡಿ ಬೇಕೆಂದು ತೀರ್ಮಾನವಾಯಿತು. ಹಿತ್ತಿಲ ಕಡೆ ಒಗೆಯುವ ಕಲ್ಲಿದ್ದ ಜಾಗದಲ್ಲಿ ನಾಲ್ಕು ಹೊಸ ಪಿಲ್ಲರ್ ನಿಲ್ಲಿಸಿ, ಕೆಳಗೆ ಮೆಟ್ಟಿಲು ಮತ್ತು ಪಾತ್ರೆ ತೊಳೆಯುವ ಜಾಗ, ಮೇಲೆ ಅಡುಗೆಮನೆ ಮತ್ತು ಬಚ್ಚಲುಮನೆ. ಉಳಿದ ಕೋಣೆಗಳು ಹಳೆಯ ಮನೆಯ ಮೇಲೆ.

ವಿನ್ಯಾಸ ಮಾಡಿದ ಎಂಜಿನಿಯರ್ ಎರಡು ಒಳ್ಳೆಯ ನಿರ್ಧಾರಗಳನ್ನು ಕೈಗೊಂಡಿದ್ದರು, ಅವುಗಳನ್ನು ಇಲ್ಲಿ ಹೇಳಲೇಬೇಕು. ಒಂದು, ಕಾಗದದ ಮೇಲೆ ಗೆರೆ ಎಳೆಯುವ ಮೊದಲೇ ಹಳೆಯ ಪಾಯದ ಪಕ್ಕದಲ್ಲಿ ಎರಡು ಕಡೆ ಗುಂಡಿ ತೆಗೆಸಿ, ಕಲ್ಲು ಎಷ್ಟು ಆಳಕ್ಕಿದೆ, ಅದರ ಅಡಿಯ ಮಣ್ಣು ಎಂಥದು ಎಂದು ಕಣ್ಣಾರೆ ನೋಡಿದ್ದರು. ಗಟ್ಟಿಯಾದ ಕೆಂಪು ಮಣ್ಣು ಸಿಕ್ಕಿತ್ತು. ಎರಡು, ಮೇಲಿನ ಗೋಡೆಗಳೆಲ್ಲ ಕೆಳಗಿನ ಗೋಡೆಗಳ ನೆತ್ತಿಯ ಮೇಲೇ ಬರುವಂತೆ ಕೋಣೆಗಳನ್ನು ಹೊಂದಿಸಿ, ಪಿಲ್ಲರ್ ಮೇಲೆ ನಿಲ್ಲುವ ಹೊಸ ಭಾಗವನ್ನು ಹಳೆಯ ಮನೆಗೆ ಕಚ್ಚಿಸದೆ ನಡುವೆ ಒಂದಿಂಚಿನ ಸಂದು ಬಿಟ್ಟಿದ್ದರು. ಮೂರು ದಶಕ ನೆಲದಲ್ಲಿ ಕೂತು ನೆಲೆಯಾದ ಕಟ್ಟಡವೂ ಈಗಷ್ಟೇ ಕೂರಲು ತೊಡಗುವ ಕಟ್ಟಡವೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಎರಡನ್ನೂ ಬಿಗಿದರೆ ಎಲ್ಲೋ ಒಂದು ಕಡೆ ಬಿರುಕು ಬಿಡಲೇಬೇಕು.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಆರಂಭವಾಯಿತು. ಸಿಮೆಂಟು, ಕಂಬಿ, ಎಂ-ಸ್ಯಾಂಡ್ ಎಲ್ಲ ಮನೆಯವರದು. ಕೂಲಿ ಗುತ್ತಿಗೆ ಚದರಕ್ಕೆ ಇಂತಿಷ್ಟು ಎಂದು ಮೇಸ್ತ್ರಿಗೆ. ಹಣವನ್ನು ಹಂತಗಳಲ್ಲಿ ಕೊಡುವುದು: ಮುಂಗಡ, ಪಾಯ, ಪಿಲ್ಲರ್, ಮೋಲ್ಡ್ (ಛಾವಣಿಗೆ ಕಾಂಕ್ರೀಟು ಹಾಕುವುದು), ಗಾರೆ, ಕೊನೆಯ ಲೆಕ್ಕ. ಎಲ್ಲಕ್ಕಿಂತ ದೊಡ್ಡ ಕಂತು ಮೋಲ್ಡ್ ಹಾಕಿದ ದಿನದ್ದು. ನಗರದ ಹೆಚ್ಚಿನ ಸಣ್ಣ ಮನೆಗಳು ಹೀಗೆಯೇ ಕಟ್ಟಲ್ಪಡುತ್ತವೆ, ಆದ್ದರಿಂದ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ.

ಕೆಲಸದ ಪ್ರಗತಿಯನ್ನು ಗಮನಿಸುವ ಹೊಣೆಯನ್ನು ಮಗಳು ವಹಿಸಿಕೊಂಡರು. ಮೇಸ್ತ್ರಿ ಸಂಜೆಯಾದರೆ ವಾಟ್ಸಾಪ್ ಗುಂಪಿಗೆ ಫೋಟೋ ಹಾಕುತ್ತಿದ್ದ. ಅವರು ಅದನ್ನು ನೋಡಿ ತಮ್ಮ ಪಟ್ಟಿಯಲ್ಲಿ ಯಾವ ಕೆಲಸ ಶೇಕಡಾ ಎಷ್ಟು ಮುಗಿದಿದೆ ಎಂದು ತುಂಬುತ್ತಿದ್ದರು. ಅತ್ಯಂತ ಶ್ರದ್ಧೆಯಿಂದ ಇಟ್ಟ ಪಟ್ಟಿ ಅದು. ಆದರೆ ಅದರಲ್ಲಿ ಎದ್ದು ನಿಂತದ್ದಕ್ಕೆ ಮಾತ್ರ ಲೆಕ್ಕವಿತ್ತು. ಎದ್ದದ್ದರ ಒಳಗೆ ಏನು ಹೋಯಿತು ಎಂಬುದಕ್ಕೆ ಅದರಲ್ಲಿ ಸ್ಥಳವೇ ಇರಲಿಲ್ಲ.

ಸಮಸ್ಯೆ ಬೆಳಕಿಗೆ ಬಂದ ಬಗೆ

ಫೆಬ್ರುವರಿ ಕೊನೆಯಲ್ಲಿ ನಾಲ್ಕೂ ಪಿಲ್ಲರ್‌ಗಳ ಶಟರಿಂಗ್ (ಕಾಂಕ್ರೀಟು ಗಟ್ಟಿಯಾಗುವವರೆಗೆ ಸುತ್ತ ಕಟ್ಟುವ ಅಚ್ಚು) ಬಿಚ್ಚಿದ ಫೋಟೋ ಬಂತು. ಮಗಳು ಅದನ್ನು ದೊಡ್ಡದು ಮಾಡಿ ನೋಡಿದಾಗ ಎರಡು ಪಿಲ್ಲರ್‌ಗಳ ಬುಡ ಉಳಿದ ಭಾಗಕ್ಕಿಂತ ಕಪ್ಪಗೆ, ನುಣ್ಣಗೆ ಕಂಡಿತು. ಹಿಂದಿನ ದಿನದ ಫೋಟೋದಲ್ಲಿ ತಗಡಿನ ಶಟರಿಂಗ್ ಇತ್ತು. ಈ ದಿನದ್ದರಲ್ಲಿ ತೇಪೆ ಹಾಕಿ ಒರೆಸಿದ ಬುಡವಿತ್ತು. ಶಟರಿಂಗ್ ಬಿಚ್ಚಿದ ಕೂಡಲೇ ಹೇಗಿತ್ತು ಎಂಬ ಫೋಟೋ ಮಾತ್ರ ಇರಲಿಲ್ಲ. ಬಂದ ಚಿತ್ರಗಳನ್ನು ನೋಡುತ್ತಾ ಕೂರದೆ ಬಾರದ ಚಿತ್ರವೊಂದನ್ನು ಗುರುತಿಸಿದ್ದು ಈ ಪ್ರಕರಣದ ಮೊದಲ ತಿರುವು, ಅದರ ಶ್ರೇಯಸ್ಸು ಪೂರ್ತಿ ಅವರದೇ. ಆಗಲೇ ಅವರು ನನಗೆ ಫೋನ್ ಮಾಡಿದ್ದು.

ಸಣ್ಣ ಸುತ್ತಿಗೆಯಿಂದ ತಟ್ಟಿದಾಗ ಆ ಎರಡು ಬುಡಗಳಲ್ಲಿ ಪೊಳ್ಳು ಸದ್ದು ಬಂತು. ತೇಪೆಯನ್ನು ಉಳಿಯಿಂದ ಕೆತ್ತಿಸಿದೆವು. ಮೊದಲನೆಯದರಲ್ಲಿ ಹಾಳಾಗಿದ್ದುದು ಹೊರಮೈ ಮಾತ್ರ. ಎರಡನೆಯದರಲ್ಲಿ ಜಲ್ಲಿಕಲ್ಲುಗಳು ಒಂದಕ್ಕೊಂದು ಅಂಟದೆ ಜೇನುಗೂಡಿನಂತೆ ಬಿಡಿಬಿಡಿಯಾಗಿ ನಿಂತಿದ್ದವು. ಕಂಬಿ ದಾಟಿ ಒಳಗೆ ಬೆರಳು ಹೋಗುತ್ತಿತ್ತು. ಹೀಗಾಗಲು ಕಾರಣಗಳು ಸ್ಪಷ್ಟವಾಗಿದ್ದವು. ಕಾಂಕ್ರೀಟನ್ನು ಐದಡಿಗಿಂತ ಹೆಚ್ಚು, ಅಂದರೆ ಒಂದೂವರೆ ಮೀಟರಿಗಿಂತ ಮೇಲಿನಿಂದ ಸುರಿಯಬಾರದು ಎಂಬುದು ಕಾಂಕ್ರೀಟು ಕೆಲಸಕ್ಕಿರುವ ಭಾರತೀಯ ಮಾನಕ, ಐಎಸ್ 456 ಸಂಹಿತೆಯ ಮಿತಿ. ಇಲ್ಲಿ ಹತ್ತಡಿ ಎತ್ತರದಿಂದ ಒಂದೇ ಸಲಕ್ಕೆ ಸುರಿದಿದ್ದರು. ಮೇಲಿನಿಂದ ಬೀಳುವಾಗ ಜಲ್ಲಿ ಬೇರೆಯಾಗಿ ಮೊದಲು ತಳ ಸೇರಿತ್ತು, ಕಾಂಕ್ರೀಟನ್ನು ನಡುಗಿಸಿ ಒತ್ತಾಗಿ ಕೂರಿಸುವ ವೈಬ್ರೇಟರ್‌ನ ಸೂಜಿ ಬುಡದವರೆಗೆ ಇಳಿದಿರಲಿಲ್ಲ, ಶಟರಿಂಗಿನ ಅಡಿಯ ಸಂದಿನಿಂದ ಸಿಮೆಂಟಿನ ಹಾಲು ಸೋರಿಹೋಗಿತ್ತು.

ಮೇಸ್ತ್ರಿಯನ್ನು ಗದರುವುದು ಸುಲಭವಿತ್ತು. ನನಗೆ ತಿಳಿಯಬೇಕಿದ್ದುದು, ಹದಿನೈದು ವರ್ಷ ಈ ಕೆಲಸ ಮಾಡಿದವನು ಇದನ್ನು ಯಾಕೆ ಮುಚ್ಚಿದ ಎಂಬುದು. ಮಾತಾಡಿಸಿದಾಗ ವಿಷಯ ಹೊರಬಂತು. ಅವನ ಕೈಕೆಳಗಿನವರು ಯಾದಗಿರಿ, ರಾಯಚೂರು ಕಡೆಯಿಂದ ಬಂದು ಇಲ್ಲೇ ಶೆಡ್ ಹಾಕಿಕೊಂಡಿದ್ದ ಕುಟುಂಬಗಳು. ಅವರಿಗೆ ಪ್ರತಿ ಶನಿವಾರ ಬಟವಾಡೆ ಆಗಲೇಬೇಕು. ಮನೆಯವರಿಂದ ಅವನಿಗೆ ಹಣ ಬರುವುದು ಹಂತ ಮುಗಿದಾಗ. ಈ ಎರಡರ ನಡುವಿನ ವಾರಗಳನ್ನು ಅವನು ಕೈಸಾಲದಲ್ಲಿ ದಾಟಿಸುತ್ತಿದ್ದ. ನಾಲ್ಕೂ ಪಿಲ್ಲರ್ ಅದೇ ವಾರ ಮುಗಿದರೆ ಆ ಶನಿವಾರ ಕಂತು. ಬುಡ ಕೆಟ್ಟಿದೆ ಎಂದು ಹೇಳಿದರೆ ಕಂತು ನಿಲ್ಲುತ್ತದೆ. ಮನೆಯವರು ಎಚ್ಚರಿಕೆಗೆಂದು ಮಾಡಿಕೊಂಡ ಹಂತಗಳ ಪಟ್ಟಿಯೇ ಅವಸರವನ್ನು ಹುಟ್ಟಿಸಿ, ಅದರ ಫಲವನ್ನು ಮುಚ್ಚಿಡುವಂತೆ ಮಾಡಿತ್ತು. ಈ ಪ್ರಕರಣದಿಂದ ಬೇರೆಯವರು ಒಂದೇ ಸಂಗತಿಯನ್ನು ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ ಎಂಬುದು ನನ್ನ ಅಪೇಕ್ಷೆ.

ಏನು ಮಾಡಲಾಯಿತು

ಮೊದಲ ಪ್ರಶ್ನೆ ಎರಡನೆಯ ಪಿಲ್ಲರಿನದು. ರಿಪೇರಿ ಮಾಡಿ ಮುಂದುವರಿಯೋಣ ಎಂಬುದು ಯಜಮಾನರ ಮೊದಲ ಮಾತು. ಒಡೆದರೆ ಮೇಸ್ತ್ರಿ ಕೆಲಸ ಬಿಟ್ಟು ಹೋಗುತ್ತಾನೆ ಎಂಬ ಭಯ ಅವರಿಗಿತ್ತು. ನನ್ನ ಸಲಹೆ ಬೇರೆಯಿತ್ತು. ಹೊರಮೈ ಮಾತ್ರ ಕೆಟ್ಟದ್ದನ್ನು ಸಡಿಲ ಭಾಗ ತೆಗೆದು, ತೊಳೆದು, ಮೈಕ್ರೋ ಕಾಂಕ್ರೀಟ್ (ಸಣ್ಣ ಸಂದುಗಳಿಗೂ ಹರಿದು ತುಂಬುವ ರಿಪೇರಿ ಕಾಂಕ್ರೀಟು) ತುಂಬಿ ಸರಿಪಡಿಸಬಹುದು. ಇನ್ನೊಂದನ್ನು ಕಂಬಿಗೆ ಪೆಟ್ಟಾಗದಂತೆ ಬುಡದಿಂದ ಒಡೆದು ಮತ್ತೆ ಹಾಕಲೇಬೇಕು, ಅದೂ ಈಗಲೇ, ಏಕೆಂದರೆ ಅದರ ತಲೆಯ ಮೇಲೆ ಇನ್ನೂ ಯಾವ ಭಾರವೂ ಇಲ್ಲ. ಇವತ್ತು ಒಡೆದರೆ ಒಂದು ಪಿಲ್ಲರ್, ಸ್ಲ್ಯಾಬ್ ಬಿದ್ದ ಮೇಲೆ ಒಡೆಯುವುದಾದರೆ ಜಾಕ್ ಕೊಟ್ಟು ಎರಡು ಅಂತಸ್ತನ್ನು ಎತ್ತಿ ಹಿಡಿಯಬೇಕು.

ಮೇಸ್ತ್ರಿ ಬಹಳ ಹೊತ್ತು ಸುಮ್ಮನಿದ್ದು, "ಒಡೆಯೋ ಕೂಲಿ ಯಾರ್ ಕೊಡ್ತಾರೆ ಸಾರ್?" ಎಂದ.

ಯಜಮಾನರು ಸ್ವಲ್ಪ ಯೋಚಿಸಿ ಹೇಳಿದರು: "ಸಿಮೆಂಟು ಜಲ್ಲಿ ನಮ್ದು, ಕೂಲಿ ನಿಂದು ಕಣಪ್ಪ. ಆದ್ರೆ ಈ ಶನಿವಾರದ ಬಟವಾಡೆ ನಾನು ನಿಲ್ಸಲ್ಲ."

ಕೆಲಸ ಉಳಿದದ್ದು ಈ ಮಾತಿನಿಂದ. ಅದೇ ವಾರ ಹಣದ ಕ್ರಮವನ್ನೇ ಬದಲಿಸಿ ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದರು. ಆ ವಾರ ಬಂದ ಆಳುಗಳ ಲೆಕ್ಕದಲ್ಲಿ ಬಟವಾಡೆಗೆ ಬೇಕಾದಷ್ಟು ಹಣ ಪ್ರತಿ ಶನಿವಾರ. ಮೇಸ್ತ್ರಿಯ ಸ್ವಂತ ಪಾಲು ಮಾತ್ರ ಪರೀಕ್ಷೆ ಮುಗಿದ ಮೇಲೆ. ಒಟ್ಟು ಗುತ್ತಿಗೆಯಲ್ಲಿ ಒಂದು ಸಣ್ಣ ಭಾಗ ಒಂದು ಮಳೆಗಾಲ ಕಳೆದ ನಂತರ. ಮೋಲ್ಡ್ ದಿನಕ್ಕೆಂದು ಇದ್ದ ದೊಡ್ಡ ಕಂತನ್ನು ಒಡೆದು ಮುಂದಿನ ಕೆಲಸಗಳಿಗೆ ಹಂಚಿದೆವು. ಛಾವಣಿ ಬಿದ್ದೊಡನೆ ಮನೆ ಬಹುಪಾಲು ಆಯಿತೆಂದು ಕಣ್ಣು ಹೇಳುತ್ತದೆ. ಖರ್ಚಿನ ಲೆಕ್ಕದಲ್ಲಿ ಆಗ ಸುಮಾರು ಅರ್ಧ ದಾರಿ ಬಂದಿರುತ್ತದೆ ಅಷ್ಟೆ. ಹಣ ಮುಂದೆ ಓಡಿ ಕೆಲಸ ಹಿಂದೆ ಬಿದ್ದ ಮನೆಗಳು ಗಾರೆ, ನೆಲ, ಬಾಗಿಲು, ಪೈಪಿನ ಹಂತದಲ್ಲಿ ತಿಂಗಳುಗಟ್ಟಲೆ ನಿಂತುಬಿಡುವುದು ಇದೇ ಕಾರಣಕ್ಕೆ.

ಜೊತೆಗೆ ಸೈಟಿನಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟೆವು. ಆಳುಗಳೆಷ್ಟು, ಸಿಮೆಂಟು ಎಷ್ಟು ಮೂಟೆ ಬಂತು, ಎಷ್ಟು ಖರ್ಚಾಯಿತು ಎಂಬ ಸಾಮಾನ್ಯ ಕಲಮುಗಳ ಕೊನೆಯಲ್ಲಿ ಇನ್ನೊಂದು ಕಲಂ ಸೇರಿಸಿದೆ: ‘ನಾಳೆ ಏನು ಮುಚ್ಚಿಹೋಗುತ್ತದೆ?’ ಕಂಬಿ ಕಾಂಕ್ರೀಟಿನಲ್ಲಿ ಮುಚ್ಚಿಹೋಗುತ್ತದೆ, ಪಾಯ ಮಣ್ಣಿನಲ್ಲಿ, ಪೈಪು ಗಾರೆಯಲ್ಲಿ, ಗಾರೆ ಟೈಲ್ಸಿನಲ್ಲಿ. ಆ ಕಲಮಿನಲ್ಲಿ ಏನಾದರೂ ಬರೆದಿದ್ದರೆ ಮುಚ್ಚುವ ಮುನ್ನ ಅಳತೆ ಟೇಪು ಇಟ್ಟು ಫೋಟೋ ತೆಗೆಯಬೇಕು, ಮಗಳೋ ನಾನೋ ಸರಿ ಎನ್ನಬೇಕು. ಮಗಳ ಶೇಕಡಾವಾರು ಪಟ್ಟಿಯನ್ನು ಕೈಬಿಟ್ಟೆವು.

ಬೇಸಗೆ, ನೀರು, ಮೋಲ್ಡ್

ಮಾರ್ಚ್‌ನಲ್ಲಿ ಹಿತ್ತಿಲ ಭಾಗದ ಸಣ್ಣ ಸ್ಲ್ಯಾಬ್ ಹಾಕುವ ಹೊತ್ತಿಗೆ ನಗರದಲ್ಲಿ ನೀರಿನ ಅಭಾವ ತೀವ್ರವಾಗಿತ್ತು. ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತು. ಮನೆಯ ಕೊಳವೆಬಾವಿಯಲ್ಲಿ ನೀರು ಬರುವುದು ನಿಂತಿತ್ತು. ಕ್ಯೂರಿಂಗ್‌ಗೆ, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡಲು, ಸಂಸ್ಕರಿಸಿದ ನೀರಿನ ಟ್ಯಾಂಕರ್ ತರಿಸಿಕೊಳ್ಳುವುದು, ಕಲಸಲು ಮಾತ್ರ ಖಾಸಗಿ ಟ್ಯಾಂಕರಿನ ಕೊಳವೆಬಾವಿ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಬಳಸುವುದು ಎಂದು ನಿರ್ಧರಿಸಿದೆವು. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಪಿಎಚ್ 6ಕ್ಕಿಂತ ಕಡಿಮೆ ಇರಬಾರದು. ಕ್ಲೋರೈಡ್ ಹೆಚ್ಚಿದ್ದರೆ ಒಳಗಿನ ಕಂಬಿ ಬೇಗ ತುಕ್ಕು ಹಿಡಿಯುತ್ತದೆ. ಪರೀಕ್ಷೆಯ ಖರ್ಚು ಒಂದು ಟ್ಯಾಂಕರಿನ ಬೆಲೆಗೆ ಹತ್ತಿರವಾದದ್ದು ಮನೆಯವರಿಗೆ ಅತಿಯೆನಿಸಿತು, ಆದರೂ ಒಪ್ಪಿದರು.

ಏಪ್ರಿಲ್ ಕೊನೆಯ ವಾರ ಮೇಲಿನ ಛಾವಣಿಯ ಮೋಲ್ಡ್. ಪಂಚಾಂಗ ನೋಡಿ ದಿನ ಇಟ್ಟಾಗಿತ್ತು, ಲಿಫ್ಟ್ ಇರುವ ಮಿಕ್ಸರಿಗೂ ಆ ದಿನದ ಆಳುಗಳಿಗೂ ಹೇಳಿಯಾಗಿತ್ತು. ಹಿಂದಿನ ಸಂಜೆ ಪುಸ್ತಕದ ಕೊನೆಯ ಕಲಮಿನಲ್ಲಿ ‘ಇಡೀ ಛಾವಣಿಯ ಕಂಬಿ’ ಎಂದು ಬರೆದಿತ್ತು. ಮೇಲೆ ಹತ್ತಿ ನೋಡಿದೆ. ಸ್ಲ್ಯಾಬಿನ ಅಡಿಯ ಕಂಬಿಗಳು ಎಷ್ಟೋ ಕಡೆ ನೇರವಾಗಿ ಅಡಿಯ ಅಚ್ಚಿನ, ಅಂದರೆ ಸೆಂಟ್ರಿಂಗ್ ಶೀಟಿನ ಮೇಲೆ ಕೂತಿದ್ದವು. ಅಲ್ಲಿ 20 ಮಿ.ಮೀ. ಕವರ್, ಅಂದರೆ ಕಂಬಿಯನ್ನು ಮುಚ್ಚುವ ಕಾಂಕ್ರೀಟಿನ ಪದರ ಇರಬೇಕು, ಅದಕ್ಕಾಗಿ ಕಂಬಿಯಡಿ ಇಡುವ ಕವರ್ ಬ್ಲಾಕ್‌ಗಳು ಮೂಲೆಯ ಚೀಲದಲ್ಲೇ ಉಳಿದಿದ್ದವು. ಅದಕ್ಕಿಂತ ಚಿಂತೆಯ ಸಂಗತಿ ಮುಂಭಾಗದ ಮೂರಡಿ ಚಾಚು. ಆಧಾರವಿಲ್ಲದೆ ಹೊರಕ್ಕೆ ಚಾಚಿದ ಸ್ಲ್ಯಾಬಿನಲ್ಲಿ ಎಳೆತ ಬರುವುದು ಮೇಲ್ಮೈಯಲ್ಲಿ, ಆದ್ದರಿಂದ ಅದರ ಮುಖ್ಯ ಕಂಬಿ ಮೇಲ್ಭಾಗದಲ್ಲಿರಬೇಕು. ನಕ್ಷೆಯಂತೆ ಕಟ್ಟಿದ್ದೇನೋ ಸರಿಯಾಗಿಯೇ ಇತ್ತು. ವಿದ್ಯುತ್ ಪೈಪು ಹಾಕಲು ಬಂದವರು ಎರಡು ದಿನ ಓಡಾಡಿ ಆ ಕಂಬಿಗಳನ್ನು ಕೆಳಗೆ ತುಳಿದಿದ್ದರು. ಐದಿಂಚಿನ ಸ್ಲ್ಯಾಬಿನಲ್ಲಿ ಕಂಬಿ ಎರಡಿಂಚು ಕೆಳಗಿಳಿದರೆ ಅದು ಇದ್ದೂ ಇಲ್ಲದಂತೆ. ಕೆಳಗಿನಿಂದ ತೆಗೆದ ಯಾವ ಫೋಟೋದಲ್ಲೂ ಇದು ಕಾಣುತ್ತಿರಲಿಲ್ಲ.

ಸರಿಪಡಿಸಲು ಎರಡು ದಿನ ಬೇಕು ಎಂದೆ. ಮೇಸ್ತ್ರಿ ಇಟ್ಟ ದಿನ ತಪ್ಪುತ್ತದೆ ಎಂದ, ಯಜಮಾನರು ಆಕಾಶ ನೋಡಿದರು, ಪುಣೆಯಿಂದ ವಿಡಿಯೊದಲ್ಲಿದ್ದ ಮಗಳು ಮಾತಾಡಲಿಲ್ಲ. ಕಗ್ಗಂಟನ್ನು ಬಿಡಿಸಿದ್ದು ಮನೆಯ ಯಜಮಾನಿ.

"ಪೂಜೆ ನಾಳೆ ಅದೇ ಹೊತ್ತಿಗೆ ಮಾಡೋಣ, ಮೂಲೇಲಿ ಒಂದು ಬಾಂಡ್ಲಿ ಕಾಂಕ್ರೀಟು ಹಾಕ್ಲಿ. ಮಿಕ್ಕಿದ್ದು ಇವ್ರು ಸರಿ ಅಂದ್ಮೇಲೆ ಹಾಕ್ಕೊಳ್ಳಿ."

ಮರುದಿನ ಹಾಗೆಯೇ ಆಯಿತು. ಮುಹೂರ್ತವೂ ಉಳಿಯಿತು, ಕಂಬಿಯೂ ಸ್ಥಾನಕ್ಕೆ ಬಂತು. ಕಂಬಿ ಕುರ್ಚಿಗಳನ್ನು ಕೊಟ್ಟು ಚಾಚಿನ ಕಂಬಿಗಳನ್ನು ಎತ್ತಿ ನಿಲ್ಲಿಸಿ, ಓಡಾಡಲು ಹಲಗೆ ಹಾಸಿ, ಕಾಂಕ್ರೀಟು ಬೀಳುವಾಗಲೂ ಒಬ್ಬನನ್ನು ಆ ಜಾಗಕ್ಕೆಂದೇ ನಿಲ್ಲಿಸಿದೆವು. ತೊಲೆಗಳೂ ಸೇರಿ ಸುಮಾರು ಹತ್ತು ಘನ ಮೀಟರ್ ಕಾಂಕ್ರೀಟು. ಘನ ಮೀಟರಿಗೆ 8 ಮೂಟೆಯಂತೆ 80 ಮೂಟೆಯಾಗಬೇಕು ಎಂದು ಮೊದಲೇ ಬರೆದಿಟ್ಟಿದ್ದುದರಿಂದ ಸಂಜೆ ಖಾಲಿ ಚೀಲ ಎಣಿಸಿದರೆ ಮಿಶ್ರಣದ ಪ್ರಮಾಣ ತಪ್ಪಿಲ್ಲವೆಂದು ತಿಳಿಯುವಂತಿತ್ತು. ಬಲದ ಪರೀಕ್ಷೆಗೆಂದು 150 ಮಿ.ಮೀ. ಘನಗಳನ್ನೂ ಅಚ್ಚು ಹಾಕಿದೆವು, 28 ದಿನದ ಫಲಿತಾಂಶ ಎಂ20 ದರ್ಜೆಯ ಕಾಂಕ್ರೀಟಿಗೆ ಬೇಕಾದುದಕ್ಕಿಂತ ಮೇಲೆಯೇ ಬಂತು.

ಬಿಸಿಲು ಕಠಿಣವಾಗಿತ್ತು, ಬಳಸಿದ್ದು ನಿಧಾನವಾಗಿ ಬಲ ಪಡೆಯುವ ಪಿಪಿಸಿ ಸಿಮೆಂಟು. ಆದ್ದರಿಂದ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು 14 ದಿನ ಮುಂದುವರಿಸಿದೆವು. ಪಕ್ಕಗಳಿಗೆ ಒದ್ದೆ ಗೋಣಿಚೀಲ. ನೀರಿನ ಟ್ಯಾಂಕರಿಗಾಗಿ ಬೆಳಿಗ್ಗೆ ಆರಕ್ಕೇ ಬಾಗಿಲಲ್ಲಿ ಕಾಯುವುದು ಯಜಮಾನರ ನಿತ್ಯದ ಕೆಲಸವಾಯಿತು. ಚಾಚಿನ ಅಡಿಯ ಆಧಾರಗಳನ್ನು ಎಲ್ಲಕ್ಕಿಂತ ಕೊನೆಗೆ, ಹೊರ ಅಂಚಿನಿಂದ ಆರಂಭಿಸಿ ಗೋಡೆಯ ಕಡೆಗೆ ಬರುತ್ತಾ ತೆಗೆಸಿದೆವು. ಒಳಗಿನಿಂದ ಬಿಚ್ಚುತ್ತಾ ಬಂದರೆ ಚಾಚು ತುದಿಯ ಆಧಾರದ ಮೇಲೆ ತೊಲೆಯಂತೆ ನಿಂತು, ಕಂಬಿಯಿಲ್ಲದ ಅಡಿಮೈಯಲ್ಲಿ ಬಿರುಕು ಬಿಡುತ್ತದೆ.

ಜೂನ್ 2

ಮೇ ಕೊನೆಯಲ್ಲಿ ತಾರಸಿಗೆ ನೀರು ನಿಲ್ಲದಂತೆ ಇಳಿಜಾರು ಕೊಟ್ಟು ವಾಟರ್‌ಪ್ರೂಫಿಂಗ್ ಮಾಡಲು ಬೇರೊಂದು ತಂಡ ಬಂತು. ಅವರಿಗೂ ಮೇಸ್ತ್ರಿಗೂ ಸಂಬಂಧವಿರಲಿಲ್ಲ, ಪುಸ್ತಕದ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಹಳೆಯ ಮತ್ತು ಹೊಸ ಭಾಗಗಳ ನಡುವೆ ಥರ್ಮೋಕೋಲ್ ಇಟ್ಟು ಬಿಟ್ಟಿದ್ದ ಸಂದನ್ನು ಅವರು ಕೆಲಸದವರ ಅಚಾತುರ್ಯವೆಂದು ತಿಳಿದು ಗಾರೆ ತುಂಬಿ, ಮೇಲೆ ನುಣ್ಣಗೆ ಒರೆಸಿದರು. ಗುಂಪಿಗೆ ಬಂದ ಫೋಟೋದಲ್ಲಿ ತಾರಸಿ ಬಹಳ ಚೆನ್ನಾಗಿ ಕಾಣುತ್ತಿತ್ತು.

ಜೂನ್ 2ರಂದು ನಗರದಲ್ಲಿ ಒಂದೇ ದಿನ 111 ಮಿ.ಮೀ. ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಗೆ ಅಲ್ಲಿಯವರೆಗೆ ಇದ್ದುದು 1891ರ ದಾಖಲೆ. ಅದು ಅಂದು ಮುರಿಯಿತು. ಬಿಸಿಲಿಗೆ ಹಿಗ್ಗಿ ಕುಗ್ಗಿದ ಸಂದಿನ ಗಾರೆ ಅಷ್ಟರಲ್ಲೇ ಕೂದಲೆಳೆಯಷ್ಟು ಬಿರಿದಿತ್ತು, ನೀರು ಅಲ್ಲಿಂದ ಇಳಿದು ಅಡುಗೆಮನೆಯ ಹೊಸ ಗೋಡೆಯನ್ನೆಲ್ಲ ನೆನೆಸಿತು. ಆ ತಂಡದವರು ಮತ್ತೆ ಗಾರೆ ತುಂಬಿದರು. ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಬಿರಿಯಿತು.

ಅಲ್ಲಾಡಲೆಂದೇ ಬಿಟ್ಟ ಜಾಗವನ್ನು ಗಟ್ಟಿ ವಸ್ತುವಿನಿಂದ ತುಂಬಿದರೆ ಅದು ಬಿರಿಯುತ್ತಲೇ ಇರುತ್ತದೆ ಎಂದು ಎಲ್ಲರನ್ನೂ ಕೂರಿಸಿ ವಿವರಿಸಿದ ಮೇಲೆ ಗಾರೆಯನ್ನು ಪೂರ್ತಿ ಕೀಳಿಸಿದೆವು. ಸಂದಿನ ಎರಡೂ ಬದಿಗೆ ನಾಲ್ಕಿಂಚಿನ ಕಟ್ಟೆ ಎಬ್ಬಿಸಿ, ಸಂದಿನೊಳಗೆ ಮೆತ್ತನೆಯ ಹುರಿಯಿಟ್ಟು ಅದರ ಮೇಲೆ ರಬ್ಬರಿನಂತೆ ಹಿಗ್ಗಿ ಕುಗ್ಗುವ ಪಾಲಿಸಲ್ಫೈಡ್ ಸೀಲೆಂಟ್ ತುಂಬಿಸಿ, ಕಟ್ಟೆಗಳ ಮೇಲಿನಿಂದ ಅಲ್ಯೂಮಿನಿಯಂ ಪಟ್ಟಿಯ ಮುಚ್ಚಳ ಕೊಟ್ಟೆವು. ಪಟ್ಟಿಯನ್ನು ಒಂದು ಬದಿಗೆ ಮಾತ್ರ ಸ್ಕ್ರೂ ಮಾಡಿದ್ದು, ಇನ್ನೊಂದು ಬದಿ ಜರುಗಲು ಬಿಟ್ಟದ್ದು. ಒಳಗೋಡೆಯಲ್ಲೂ ಸಂದನ್ನು ಗಾರೆಯಿಂದ ಮುಚ್ಚದೆ ಪಟ್ಟಿಯ ಹಿಂದೆ ಹಾಗೇ ಇರಿಸಿದೆವು. ನೋಡಲು ಚೆನ್ನಾಗಿಲ್ಲ ಎಂಬ ಆಕ್ಷೇಪ ಬಂಧುಗಳಿಂದ ಬಂತು. ಮಗಳು ಆ ಪಟ್ಟಿಗೆ ಗೋಡೆಯ ಬಣ್ಣವನ್ನೇ ಬಳಿಸಿದರು.

ಆ ದಿನದಿಂದ ಪುಸ್ತಕ ಮೇಸ್ತ್ರಿಯ ಶೆಡ್ಡಿನಿಂದ ಮನೆಯ ನಡುಮನೆಗೆ ಬಂತು. ಪ್ಲಂಬರ್, ಟೈಲ್ಸಿನವರು, ಬಡಗಿ, ಯಾರೇ ಬಂದರೂ ಮೊದಲು ಯಜಮಾನರ ಎದುರು ಕೂತು, ತಾವು ಏನನ್ನು ಮುಚ್ಚಲಿದ್ದೇವೆ ಎಂದು ಹೇಳಿ ಬರೆಸಬೇಕು. ಟೈಲ್ಸಿನವರು ಬರೆಸಿದ ದಿನವೇ ಬಚ್ಚಲುಮನೆಯ ನೆಲದಲ್ಲಿ ಎರಡು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಛಾವಣಿ ಒದ್ದೆಯಾಗುವುದೇ ಎಂದು ನೋಡಿದ್ದು ಹೀಗೆ ಸಾಧ್ಯವಾಯಿತು. ಒಂದು ಪೈಪಿನ ಸುತ್ತ ತೇವ ಕಂಡಿತು, ಟೈಲ್ಸ್ ಕೂರುವ ಮೊದಲೇ ಸರಿಪಡಿಸಿದರು.

ಫಲಿತಾಂಶ

ಕೆಲಸ ಅಂದುಕೊಂಡದ್ದಕ್ಕಿಂತ ಎರಡು ತಿಂಗಳು ತಡವಾಗಿ ದಸರೆಯ ಹೊತ್ತಿಗೆ ಮುಗಿಯಿತು. ತಡವಾದದ್ದರಲ್ಲಿ ಪಿಲ್ಲರ್ ಒಡೆದದ್ದು, ಮೋಲ್ಡ್ ಮುಂದೂಡಿದ್ದು ಸೇರಿ ಎರಡು ವಾರವೂ ಆಗುವುದಿಲ್ಲ. ಉಳಿದದ್ದು ನೀರಿನ ಅಭಾವ, ಸಂದಿನ ರಿಪೇರಿ ಮತ್ತು ಕಿಟಕಿಗಳು ತಡವಾಗಿ ಬಂದದ್ದರಿಂದ. ಅಂದರೆ ನಿಲ್ಲಿಸಿ ನೋಡಿದ್ದಕ್ಕೆ ತೆತ್ತ ಕಾಲ ಭಯಪಟ್ಟಷ್ಟಿರಲಿಲ್ಲ. ಮೇಸ್ತ್ರಿ ಕೊನೆಯವರೆಗೂ ಕೆಲಸ ಬಿಡಲಿಲ್ಲ. ಜೂನ್ ನಂತರ ಅವನೇ ಎರಡು ಬಾರಿ, ಇಲ್ಲಿ ಗಾರೆ ಹಾಕುವ ಮುನ್ನ ನೋಡಿ ಎಂದು ಫೋನ್ ಮಾಡಿದ; ಬಟವಾಡೆಯ ಭಯವಿಲ್ಲದ ಮನುಷ್ಯ ತನ್ನ ಕೆಲಸದ ಕೊರತೆಯನ್ನು ತಾನೇ ಹೇಳಬಲ್ಲ ಎಂಬುದನ್ನು ಅಲ್ಲಿ ಕಂಡೆ. ಮೇಲ್ವಿಚಾರಣೆ ಎಂದರೆ ಅನುಮಾನಪಡುವುದು ಎಂದು ತಿಳಿದಿರುವ ಮನೆಯವರಿಗೆ ನಾನು ಈಗ ಮೊದಲು ಕೇಳುವುದು ಕಾಂಕ್ರೀಟಿನ ವಿಷಯವಲ್ಲ, ಶನಿವಾರ ಆಳುಗಳಿಗೆ ಹಣ ಎಲ್ಲಿಂದ ಬರುತ್ತದೆ ಎಂದು.

ಅಕ್ಟೋಬರ್‌ನ ಜೋರು ಮಳೆಯಲ್ಲಿ ಸಂದಿನ ಕೆಳಗಿನ ಗೋಡೆ ಒಣಗಿಯೇ ಇತ್ತು. ಹಿಡಿದಿಟ್ಟಿದ್ದ ಹಣವನ್ನು ಆ ತಿಂಗಳ ಕೊನೆಯಲ್ಲಿ ಮೇಸ್ತ್ರಿಗೆ ಪೂರ್ತಿ ಕೊಟ್ಟರು. ಹೊಸ ಭಾಗ ಇನ್ನೂ ನೆಲದಲ್ಲಿ ಕೂರುತ್ತಿದೆಯೇ ಎಂದು ತಿಳಿಯಲು ಮೆಟ್ಟಿಲಿನ ಪಕ್ಕ, ಸಂದಿನ ಒಂದೊಂದು ಬದಿಗೆ ಒಂದರಂತೆ ಎರಡು ಮೊಳೆ ಹೊಡೆದಿದ್ದೇವೆ. ಯಜಮಾನರು ತಿಂಗಳ ಮೊದಲ ದಿನ ಅವುಗಳ ನಡುವಿನ ಅಂತರವನ್ನೂ ಎತ್ತರದ ವ್ಯತ್ಯಾಸವನ್ನೂ ಅಳೆದು ಅದೇ ಪುಸ್ತಕದಲ್ಲಿ ಬರೆಯುತ್ತಾರೆ, ಎರಡು ಮಳೆಗಾಲ ಕಳೆಯುವವರೆಗೆ ಅದು ಮುಂದುವರಿಯಬೇಕೆಂದು ಹೇಳಿದ್ದೇನೆ.